ಹನುಮಂತಪ್ಪ ಕೊಪ್ಪದ

ಹನುಮಂತಪ್ಪ ಕೊಪ್ಪದ (ನಿಧನ: 11 ಫೆಬ್ರವರಿ 2016) ಭಾರತೀಯ ಭೂಸೇನೆಯ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನಲ್ಲಿ ಲಾನ್ಸ್ ನಾಯಕ್ ಆಗಿದ್ದ ಕನ್ನಡಿಗ ಯೋಧರು. ಸಿಯಾಚಿನ್ ಹಿಮನದಿಯಲ್ಲಿ 2016ರಲ್ಲಿ ಸಂಭವಿಸಿದ ಹಿಮಕುಸಿತದಲ್ಲಿ ಹೂತುಹೋದ ಅವರು ಆರನೆಯ ದಿನ ಜೀವಂತವಾಗಿ ಪತ್ತೆಯಾದರು.

ಜೀವನ ಮತ್ತು ಸೇವೆ

ಹನುಮಂತಪ್ಪನವರು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರು ಗ್ರಾಮದವರು. 2002ರಲ್ಲಿ ಸೇನೆಗೆ ಸೇರಿದರು. ಹದಿಮೂರು ವರ್ಷಗಳ ಸೇವೆಯಲ್ಲಿ ಸುಮಾರು ಹತ್ತು ವರ್ಷಗಳನ್ನು ಅವರು ಕಠಿಣ ಪ್ರದೇಶಗಳಲ್ಲಿಯೇ ಕಳೆದರು. ಜಮ್ಮು ಮತ್ತು ಕಾಶ್ಮೀರದಲ್ಲಿ ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲಿ ಪಾಲ್ಗೊಂಡರು. ಅನಂತರ ಸ್ವಇಚ್ಛೆಯಿಂದ 54ನೇ ರಾಷ್ಟ್ರೀಯ ರೈಫಲ್ಸ್‌ನಲ್ಲಿಯೂ ಈಶಾನ್ಯ ಭಾರತದಲ್ಲಿಯೂ ಸೇವೆ ಸಲ್ಲಿಸಿದರು. 2015ರಲ್ಲಿ ಸಿಯಾಚಿನ್‌ಗೆ ನಿಯೋಜಿತರಾದರು.

ಹಿಮಕುಸಿತ

1984ರಿಂದ ಸೇನೆ ನೆಲೆಸಿರುವ ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವಾಮಾನಕ್ಕೆ ಬಲಿಯಾದ ಸೈನಿಕರೇ ಹೆಚ್ಚು. ಇಳಿಜಾರುಗಳಲ್ಲಿ ಹಿಮವು ಪದರಪದರವಾಗಿ ಸಂಗ್ರಹವಾಗುತ್ತದೆ. ಒಳಗಿನ ಸಡಿಲ ಪದರವು ಮೇಲಿನ ಭಾರವನ್ನು ತಾಳದಾದಾಗ ಇಡೀ ರಾಶಿ ಜಾರಿ ಬೀಳುತ್ತದೆ. ಕಡಿದಾದ ಹಿಮಗೋಡೆಗಳು ಮುರಿದು ಬೀಳುವುದು ಇನ್ನೊಂದು ಅಪಾಯ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಇಂಥದೇ ಬೃಹತ್ ಹಿಮಗೋಡೆ ಕುಸಿದು, ಹನುಮಂತಪ್ಪ ಸೇರಿದಂತೆ ಹತ್ತು ಯೋಧರು ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ ಮತ್ತು ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಸಹ ಇದ್ದರು.

ಶೋಧ ಕಾರ್ಯ

ಹಿಮದಡಿ ಸಿಲುಕಿದವರು ಬದುಕುಳಿಯುವ ಸಾಧ್ಯತೆ ಮೊದಲ ಕಾಲು ಗಂಟೆಯ ಬಳಿಕ ತೀವ್ರವಾಗಿ ಕುಗ್ಗುತ್ತದೆ; ಉಸಿರುಗಟ್ಟುವಿಕೆ ಇದಕ್ಕೆ ಮುಖ್ಯ ಕಾರಣ. ಕುಸಿದ ಹಿಮವು ಕಲ್ಲಿನಂತೆ ಗಟ್ಟಿಯಾಗುವುದರಿಂದ ಅಗೆತವೂ ಕಷ್ಟಕರ. ಸೋನಂನಲ್ಲಿ 150ಕ್ಕೂ ಹೆಚ್ಚು ಸಿಬ್ಬಂದಿ ರಾಡಾರ್, ಮಂಜುಗಡ್ಡೆ ಕೊರೆಯುವ ಯಂತ್ರಗಳು ಮತ್ತು ಶ್ವಾನಗಳ ನೆರವಿನಿಂದ ಹುಡುಕಾಟ ನಡೆಸಿದರು. ಫೆಬ್ರವರಿ 8ರ ರಾತ್ರಿ 25 ಅಡಿಗೂ ಹೆಚ್ಚಿನ ಆಳದಲ್ಲಿ ಹನುಮಂತಪ್ಪನವರು ಪತ್ತೆಯಾದರು. ಡೇರೆಯೊಳಗೆ ಉಳಿದಿದ್ದ ಗಾಳಿಯೇ ಅವರ ಜೀವ ಹಿಡಿದಿಟ್ಟಿರಬಹುದೆಂದು ಭಾವಿಸಲಾಗಿದೆ. ಉಳಿದ ಒಂಬತ್ತು ಯೋಧರು ಮೃತಪಟ್ಟಿದ್ದರು.

ನಿಧನ ಮತ್ತು ಗೌರವ

ಮರುದಿನ ಅವರನ್ನು ವಾಯುಮಾರ್ಗವಾಗಿ ದೆಹಲಿಯ ಸೇನಾ ಸಂಶೋಧನಾ ಮತ್ತು ರೆಫರಲ್ ಆಸ್ಪತ್ರೆಗೆ ಕರೆತರಲಾಯಿತು. ಪ್ರಜ್ಞಾಹೀನ ಸ್ಥಿತಿಯಲ್ಲಿದ್ದ ಅವರಿಗೆ ನ್ಯುಮೋನಿಯಾ ತಗುಲಿತ್ತು. ಮೂತ್ರಪಿಂಡ ಮತ್ತು ಯಕೃತ್ತಿನ ಕಾರ್ಯವೂ ಕುಂಠಿತವಾಗಿತ್ತು. ದೇಶದಾದ್ಯಂತ ಜನರು ಅವರ ಚೇತರಿಕೆಗಾಗಿ ಪ್ರಾರ್ಥಿಸಿದರು. ಆದರೆ ಫೆಬ್ರವರಿ 11ರಂದು ಬಹು ಅಂಗಾಂಗ ವೈಫಲ್ಯದಿಂದ ಅವರು ನಿಧನರಾದರು. ಹುಬ್ಬಳ್ಳಿಯಲ್ಲಿ ಪಾರ್ಥಿವ ಶರೀರದ ಸಾರ್ವಜನಿಕ ದರ್ಶನದ ಬಳಿಕ, ಫೆಬ್ರವರಿ 12ರಂದು ಬೆಟದೂರಿನಲ್ಲಿ ಸೇನಾ ಗೌರವಗಳೊಂದಿಗೆ ಅಂತ್ಯಕ್ರಿಯೆ ನೆರವೇರಿತು. 2017ರ ಜನವರಿ 15ರ ಸೇನಾ ದಿನದಂದು ಅವರಿಗೆ ಮರಣೋತ್ತರವಾಗಿ ಸೇನಾ ಪದಕ ನೀಡಲಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.