ಚಿತ್ರದ ಬೆನ್ನ ಮೇಲಿನ ಹೆಸರು

ಊರು ಬಿಟ್ಟು ಬಂದ ನಮ್ಮಂಥವರ ಟ್ರಂಕಿನ ತಳದಲ್ಲಿ ಕೆಲವು ಹಳೆಯ ಭಾವಚಿತ್ರಗಳಿರುವುದುಂಟು. ಅವುಗಳಲ್ಲಿ ಕುಳಿತವರು ಯಾರೆಂದು ಅಜ್ಜಿ ಹೇಳಬಲ್ಲರು. ತೆಗೆದವರು ಯಾರೆಂದು ಅವರೂ ಹೇಳಲಾರರು. ಹಾಲಿವುಡ್ಡಿನ ತಾರೆಯರ ಚಿತ್ರಗಳಿಗೂ ಇದೇ ಗತಿ ಬಂದಿದ್ದಾಗ, ಮರೆತ ಹೆಸರುಗಳನ್ನು ಹುಡುಕಿ ತೆಗೆದವರು ಜಾನ್ ಕೋಬಾಲರು. ಅವರೂ ನಮ್ಮಂತೆ ಊರು ಬಿಟ್ಟವರೇ.

ಕೋಬಾಲರು 1940ರಲ್ಲಿ ಆಸ್ಟ್ರಿಯದ ಲಿಂಟ್ಸ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬವು ಕೆನಡಕ್ಕೆ ವಲಸೆ ಹೋಯಿತು. ಸಿನಿಮಾದ ಗೀಳು ಹತ್ತಿ, ನಟನಾಗುವ ಆಸೆಯಿಂದ 1960ರ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದರು. ನಟನೆ ಕೈಹಿಡಿಯಲಿಲ್ಲ, ತಾರೆಯರನ್ನು ಕಂಡು ಮಾತನಾಡಿಸಿ ಬರೆಯುವ ಕೆಲಸ ಕೈಹಿಡಿಯಿತು. ಜೊತೆಗೆ ಚಿತ್ರಸಂಗ್ರಹವೂ ಬೆಳೆಯಿತು.

ಆ ಚಿತ್ರಗಳ ಕಥೆಯನ್ನಿಷ್ಟು ಹೇಳಬೇಕು. 1920 ಮತ್ತು 1930ರ ದಶಕಗಳಲ್ಲಿ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳಲ್ಲಿ ಭಾವಚಿತ್ರಕ್ಕೆಂದೇ ಛಾಯಾಗ್ರಾಹಕರಿದ್ದರು. 8 ಅಂಗುಲ ಅಗಲ, 10 ಅಂಗುಲ ಉದ್ದದ ನೆಗೆಟಿವಿನ ಮೇಲೆ ಪೆನ್ಸಿಲಿನಿಂದ ತಿದ್ದಿ ಮುಖದ ಸುಕ್ಕುಗಳನ್ನು ಮರೆಸುತ್ತಿದ್ದರು. ಪ್ರತಿಗಳು ಪ್ರಚಾರಕ್ಕಾಗಿ ಪತ್ರಿಕೆಗಳಿಗೆ ಹೋಗುತ್ತಿದ್ದುವು. ತಾರೆಯ ಹೆಸರು ಅಚ್ಚಾಗುತ್ತಿತ್ತು. ತೆಗೆದವನ ಹೆಸರು ಬಹುಮಟ್ಟಿಗೆ ಚಿತ್ರದ ಬೆನ್ನಿನ ಮುದ್ರೆಯಲ್ಲಿಯೇ ಉಳಿಯುತ್ತಿತ್ತು. ಮುಂದೆ ಟೆಲಿವಿಷನ್ ಬಂದು ಸ್ಟುಡಿಯೋಗಳು ಸೊರಗಿದಾಗ, ಉಗ್ರಾಣ ಬರಿದು ಮಾಡುವವರ ಕಣ್ಣಿಗೆ ಇವು ಕಸವಾದುವು.

ಆ ಕಸವನ್ನು ಕೋಬಾಲರು ಆಯ್ದರು. ಅಷ್ಟಕ್ಕೆ ನಿಲ್ಲದೆ ಬೆನ್ನಿನ ಹೆಸರುಗಳ ಜಾಡು ಹಿಡಿದು ಹೊರಟರು. ಜಾರ್ಜ್ ಹರೆಲ್, ಗ್ರೆಟಾ ಗಾರ್ಬೊ ಅವರನ್ನು ಚಿತ್ರಿಸಿದ ಕ್ಲಾರೆನ್ಸ್ ಸಿಂಕ್ಲೇರ್ ಬುಲ್ ಮೊದಲಾದ ವೃದ್ಧರಿಂದ ಹಳೆಯ ನೆಗೆಟಿವುಗಳ ಹೊಸ ಪ್ರತಿಗಳನ್ನು ಮಾಡಿಸಿದರು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವನ್ನು ಪ್ರದರ್ಶಿಸಿದರು. 1980ರಲ್ಲಿ ಆ ಛಾಯಾಗ್ರಾಹಕರನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿದರು. ಪ್ರಚಾರದ ಕಾಗದವೆನಿಸಿದ್ದುದು ಕಲೆಯೆನಿಸಿತು. ಸಂಗ್ರಹವನ್ನು ತಮ್ಮ ಹೆಸರಿನ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿ, 1991ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು.

ಇದು ದೂರದ ಮಾತೆಂದು ತೋರಬಹುದು. ಆದರೆ 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದುದು ಕನ್ನಡನಾಡಿನ ಹೊರಗೆ, ಕೊಲ್ಹಾಪುರದಲ್ಲಿ. ಅದರ ಪ್ರತಿ ಇಂದು ಲಭ್ಯವಿಲ್ಲ. ಅದನ್ನು ನಮಗೆ ಕಾಣಿಸುವುವು ಉಳಿದ ಕೆಲವು ಸ್ಥಿರಚಿತ್ರಗಳು ಮಾತ್ರ. ಆಯ್ದಿಡುವವರಿಲ್ಲದಿದ್ದರೆ ಅವೂ ಇರುತ್ತಿರಲಿಲ್ಲ.

ಈ ರಾಜ್ಯೋತ್ಸವದಂದು ನಾವೂ ಟ್ರಂಕು ತೆರೆಯೋಣ. ಹಿರಿಯರನ್ನು ಕೇಳಿ, ಚಿತ್ರದಲ್ಲಿರುವವರ ಹೆಸರು, ಊರು, ವರ್ಷ, ತಿಳಿದರೆ ತೆಗೆದವರ ಹೆಸರನ್ನೂ ಚಿತ್ರದ ಬೆನ್ನಿಗೆ ಮೆದು ಪೆನ್ಸಿಲಿನಿಂದ ಬರೆದಿಡೋಣ.