ಕರುಳು ಜೋಡಿಸದೆಯೇ ಜೀವ ಉಳಿಸಿದ ಹಾರ್ಟ್‌ಮನ್

ಗುದನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೆಲವು ತಿಂಗಳ ಕಾಲ ಹೊಟ್ಟೆಯ ಮೇಲೊಂದು ಚೀಲ ಅಂಟಿಸಿಕೊಂಡು ಬದುಕುವವರು ನಮ್ಮ ನಡುವೆಯೂ ಇದ್ದಾರೆ. ಉಡುಪಿನ ಮರೆಯಲ್ಲಿರುವ ಆ ಚೀಲ ಅನ್ಯರ ಕಣ್ಣಿಗೆ ಬೀಳುವುದಿಲ್ಲ. ಕರುಳನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಮಲ ವಿಸರ್ಜನೆಗೆ ಬೇರೆ ದಾರಿ ಮಾಡಿಕೊಡುವ ಈ ವ್ಯವಸ್ಥೆಗೆ ಸ್ಟೋಮಾ ಎಂದು ಹೆಸರು. ಇದರ ಚರಿತ್ರೆಯಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಆನ್ರಿ ಹಾರ್ಟ್‌ಮನ್ ಅವರದು ಮರೆಯಲಾಗದ ಹೆಸರು.

ಹಾರ್ಟ್‌ಮನ್ ಜನಿಸಿದ್ದು 1860ರ ಜೂನ್ 16ರಂದು, ಪ್ಯಾರಿಸ್‌ನಲ್ಲಿ. ಅಲ್ಲಿಯೇ ವೈದ್ಯ ವಿದ್ಯೆ ಕಲಿತ ಅವರು ಹೆಸರಾಂತ ಶಸ್ತ್ರವೈದ್ಯ ಫೆಲಿಕ್ಸ್ ಟೆರಿಯೆ ಅವರ ಗರಡಿಯಲ್ಲಿ ಪಳಗಿದರು. ಗುರುವಿನೊಡನೆ ಜಠರದ ಶಸ್ತ್ರಚಿಕಿತ್ಸೆಯ ಕುರಿತು ಗ್ರಂಥ ರಚಿಸಿದರು. ಎಡ್ವಾರ್ ಕೆನ್ಯು ಅವರೊಡಗೂಡಿ ಬರೆದ ಗುದನಾಳದ ಶಸ್ತ್ರಚಿಕಿತ್ಸೆಯ ಗ್ರಂಥದ ಮೊದಲ ಸಂಪುಟ 1895ರಲ್ಲಿ ಹೊರಬಂತು. 1914ರಲ್ಲಿ ಪ್ಯಾರಿಸ್‌ನ ಪುರಾತನ ಆಸ್ಪತ್ರೆ ಒತೆಲ್ ದಿಯೂದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಹೊಣೆ ಅವರ ಹೆಗಲೇರಿತು.

ಆ ಕಾಲದಲ್ಲಿ ಗುದನಾಳದ ಕ್ಯಾನ್ಸರ್ ಎಂದರೆ ಮರಣ ಶಾಸನವೇ ಆಗಿತ್ತು. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಹೊಟ್ಟೆ ಹಾಗೂ ಆಸನ ಭಾಗ ಎರಡೂ ಕಡೆಯಿಂದ ಕೊಯ್ದು ಗುದನಾಳವನ್ನು ಪೂರ್ತಿ ತೆಗೆಯುವ ವಿಧಾನ ಪ್ರಕಟಿಸಿದರು. ಆದರೆ ಅವರ ಮೊದಲ 12 ರೋಗಿಗಳಲ್ಲಿ ಐವರು ಶಸ್ತ್ರಚಿಕಿತ್ಸೆಯ ಬೆನ್ನಿಗೇ ಅಸುನೀಗಿದರು. ಗಡ್ಡೆಯನ್ನಷ್ಟೇ ಕತ್ತರಿಸಿ ಕರುಳಿನ ಎರಡು ತುದಿಗಳನ್ನು ಹೊಲಿದರೆ ಅಪಾಯ ಇನ್ನೊಂದು ಬಗೆಯದು. ಹೊಲಿಗೆ ಬಿಟ್ಟು ಮಲ ಹೊಟ್ಟೆಯೊಳಗೆ ಸೋರಿದರೆ ಸೋಂಕಿಗೆ ಮದ್ದಿರಲಿಲ್ಲ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ.

1921ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ಫ್ರೆಂಚ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಹಾರ್ಟ್‌ಮನ್ ಇಬ್ಬರು ರೋಗಿಗಳ ವಿವರ ಮುಂದಿಟ್ಟರು. ಇಬ್ಬರಿಗೂ ಗುದನಾಳದ ಮೇಲ್ಭಾಗಕ್ಕೆ ಸೇರುವ ದೊಡ್ಡ ಕರುಳಿನ ಕೊನೆಯ ತಿರುವಿನಲ್ಲಿ ಗಡ್ಡೆ ಬೆಳೆದು ದಾರಿ ಮುಚ್ಚಿತ್ತು. ಹಾರ್ಟ್‌ಮನ್ ಹೊಟ್ಟೆಯ ಕಡೆಯಿಂದಲೇ ಗಡ್ಡೆಯನ್ನು ತೆಗೆದರು. ಮೇಲಿನ ಕರುಳು ಹೊಟ್ಟೆಯ ಮೇಲಿನ ಸ್ಟೋಮಾದ ಮೂಲಕ ಹೊರಕ್ಕೆ ತೆರೆದುಕೊಂಡಿತು. ಕೆಳಗುಳಿದ ಗುದನಾಳದ ತುಂಡಿನ ಬಾಯಿ ಹೊಲಿದು ಅಲ್ಲೇ ಬಿಟ್ಟರು. ಆಸನ ಭಾಗದ ದೊಡ್ಡ ಗಾಯವೂ ಇಲ್ಲ, ಸೋರುವ ಜೋಡಣೆಯೂ ಇಲ್ಲ. ಇಬ್ಬರೂ ಚೇತರಿಸಿಕೊಂಡರು.

ಕರುಳನ್ನು ಮತ್ತೆ ಜೋಡಿಸುವುದು ಹಾರ್ಟ್‌ಮನ್ ಅವರ ಯೋಜನೆಯಲ್ಲಿ ಇರಲಿಲ್ಲ. ಜೀವ ಉಳಿದರೆ ಸಾಕು, ಚೀಲದೊಡನೆ ಬದುಕಬಹುದೆಂಬ ಲೆಕ್ಕಾಚಾರ ಅದು. ಕಾಲ ಬದಲಾದಂತೆ ಜೋಡಣೆಯ ಅಪಾಯ ತಗ್ಗಿತು. ಹೀಗೆ ಅವರು ಕೊನೆಯೆಂದು ಕೈಗೊಂಡ ಚಿಕಿತ್ಸೆ ಎಷ್ಟೋ ರೋಗಿಗಳ ಪಾಲಿಗೆ ಮೊದಲ ಹಂತವಾಯಿತು. ತುರ್ತು ಸಂದರ್ಭಗಳಲ್ಲಿ ಇಂದಿಗೂ ವೈದ್ಯರು ಹಾರ್ಟ್‌ಮನ್ ವಿಧಾನದ ಮೊರೆ ಹೋಗುತ್ತಾರೆ.

ಹಾರ್ಟ್‌ಮನ್ 1952ರ ಜನವರಿ 1ರಂದು, ತಮ್ಮ 91ನೇ ವಯಸ್ಸಿನಲ್ಲಿ ನಿಧನರಾದರು. ಅದೇ ವರ್ಷ ಇಂಗ್ಲೆಂಡಿನ ಬ್ರಯಾನ್ ಬ್ರೂಕ್, ಹೊರತಂದ ಸಣ್ಣ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದಂತೆ ಹೊರಮಗ್ಗುಲಿಗೆ ಮಡಚಿ ಹೊಲಿಯುವ ಉಪಾಯ ಪ್ರಕಟಿಸಿದರು. ಇದರಿಂದ ದ್ರವರೂಪದ ಮಲ ಚರ್ಮವನ್ನು ಸುಡದೆ ನೇರವಾಗಿ ಚೀಲಕ್ಕೆ ಬೀಳುತ್ತದೆ.

ಈಗ ಗುದನಾಳದ ಕೆಳಭಾಗದ ಗಡ್ಡೆ ತೆಗೆದ ಬಳಿಕವೂ ಎಷ್ಟೋ ರೋಗಿಗಳಲ್ಲಿ ಕರುಳನ್ನು ಜೋಡಿಸಲು ಸಾಧ್ಯ. ಆ ಹೊಲಿಗೆ ಮಾಗುವವರೆಗೆ ಸಣ್ಣ ಕರುಳಿನ ಒಂದು ಕುಣಿಕೆಯನ್ನು ಹೊರತಂದು ತಾತ್ಕಾಲಿಕ ಸ್ಟೋಮಾ ಮಾಡುತ್ತಾರೆ. 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ, ಸ್ಟೋಮಾ ಇಲ್ಲದವರ ಪೈಕಿ ಶೇ 28ರಷ್ಟು ಮಂದಿಗೆ ಜೋಡಣೆ ಸೋರಿ ತೊಂದರೆಯಾಗಿತ್ತು. ಸ್ಟೋಮಾ ಇದ್ದವರಲ್ಲಿ ಈ ಪ್ರಮಾಣ ಶೇ 10ರಷ್ಟು ಮಾತ್ರ.

ಜೋಡಣೆ ಮಾಗಿದೆಯೆಂದು ಪರೀಕ್ಷಿಸಿ, ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ಸ್ಟೋಮಾ ಮುಚ್ಚಲಾಗುತ್ತದೆ. ಕಿಮೋಥೆರಪಿ ಇದ್ದರೆ ಕಾಯುವಿಕೆ ಇನ್ನೂ ದೀರ್ಘ. ದೇಹದ ನೀರು, ಲವಣ ನಷ್ಟವಾಗದಂತೆ ಎಚ್ಚರ ವಹಿಸಬೇಕು. ಕೆಲವರ ಪಾಲಿಗೆ ತಾತ್ಕಾಲಿಕವಾದದ್ದೇ ಶಾಶ್ವತವಾಗಿಬಿಡುವುದೂ ಉಂಟು.

ಚೀಲ ಕಂಡು ಅಳುಕುವ ರೋಗಿಗೂ ಮನೆಮಂದಿಗೂ ಹಾರ್ಟ್‌ಮನ್ ಬದುಕು ಧೈರ್ಯ ತುಂಬಬಲ್ಲದು. ಸ್ಟೋಮಾ ಎಂಬುದು ಶಸ್ತ್ರವೈದ್ಯ ಕೈಚೆಲ್ಲಿದ್ದರ ಗುರುತಲ್ಲ. ಮೊದಲು ಜೀವ, ಉಳಿದದ್ದು ಆಮೇಲೆ ಎಂಬ ವಿವೇಕದ ಗುರುತು ಅದು.