ಅಂಡಾಣುವನ್ನು ಕಂಡ ವಾನ್ ಬೇರ್

ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಅಂಡಾಣುವಿನ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತೇವೆ. ಆದರೆ ಸಸ್ತನಿಯ ಅಂಡಾಶಯದಲ್ಲಿ ಅದನ್ನು ಖಚಿತವಾಗಿ ಗುರುತಿಸಿದ್ದು 1827ರಲ್ಲಿ. ಗುರುತಿಸಿದವರು ಕಾರ್ಲ್ ಅರ್ನ್ಸ್ಟ್ ವಾನ್ ಬೇರ್.

1792ರಲ್ಲಿ ಇಂದಿನ ಎಸ್ಟೋನಿಯಾದಲ್ಲಿ ಜನಿಸಿದ ಬೇರ್, ತಾರ್ತುವಿನಲ್ಲಿ ವೈದ್ಯಶಾಸ್ತ್ರ ಓದಿದರು. 1812ರ ಯುದ್ಧದಲ್ಲಿ ರೋಗಿಗಳ ಆರೈಕೆಗೆ ರೀಗಾಕ್ಕೆ ಹೋಗಿ ತಾವೇ ಟೈಫಸ್ ಜ್ವರಕ್ಕೆ ತುತ್ತಾದರು. ಪದವಿ ಪಡೆದ ಮೇಲೂ ಕಲಿತದ್ದು ಸಾಲದೆಂದು ವಿಯೆನ್ನಾ, ವ್ಯೂರ್ಟ್ಸ್‌ಬರ್ಗ್‌ಗಳಲ್ಲಿ ಮತ್ತೆ ವಿದ್ಯಾರ್ಥಿಯಾದರು. ಮುಂದೆ ಕೋನಿಗ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು.

1672ರಲ್ಲಿ ಡಿ ಗ್ರಾಫ್ ವರ್ಣಿಸಿದ ಕೋಶಿಕೆಯನ್ನೇ ಹಲವರು ಅಂಡವೆಂದು ನಂಬಿದ್ದರು. ಬೇರ್ ಹಿಮ್ಮುಖವಾಗಿ ಹುಡುಕಿದರು. ನಾಯಿಯ ಗರ್ಭಕೋಶದಲ್ಲಿ ಭ್ರೂಣ, ಅಂಡನಾಳದಲ್ಲಿ ಇನ್ನೂ ಚಿಕ್ಕದು, ಕೊನೆಗೆ ಅಂಡಾಶಯದ ಕೋಶಿಕೆಯೊಳಗೆ ಒಂದು ಹಳದಿ ಚುಕ್ಕೆ. ಅದೇ ಅಂಡಾಣು!

ಗೆಳೆಯ ಪ್ಯಾಂಡರ್ ಕೋಳಿಯ ಭ್ರೂಣದಲ್ಲಿ ಕಂಡಿದ್ದ ಪದರಗಳನ್ನು ಬೇರ್ ಇತರ ಕಶೇರುಕಗಳಲ್ಲೂ ತೋರಿಸಿದರು. ಮಾನವರಲ್ಲಿ ಫಲೀಕರಣದ ನಂತರ ಸುಮಾರು ಒಂದು ವಾರಕ್ಕೆ ಭ್ರೂಣವು ಗರ್ಭಕೋಶದ ಗೋಡೆಗೆ ನಾಟಿಕೊಳ್ಳುತ್ತದೆ. ಮೂರನೇ ವಾರದಲ್ಲಿ ಮೂರು ಪದರಗಳಾಗುತ್ತವೆ: ಹೊರಪದರದಿಂದ ಚರ್ಮ, ಮೆದುಳು; ನಡುಪದರದಿಂದ ಹೃದಯ, ಸ್ನಾಯು; ಒಳಪದರದಿಂದ ಕರುಳಿನ ಒಳಪೊರೆ.

ಒಮ್ಮೆ ಎರಡು ಪುಟ್ಟ ಭ್ರೂಣಗಳಿಗೆ ಹೆಸರುಚೀಟಿ ಅಂಟಿಸಲು ಬೇರ್ ಮರೆತರು. ಆಮೇಲೆ ಅವು ಹಲ್ಲಿಯವೋ, ಹಕ್ಕಿಯವೋ, ಸಸ್ತನಿಯವೋ ಅವರಿಗೇ ತಿಳಿಯಲಿಲ್ಲ. ಆ ಮರೆವನ್ನು ಮುಚ್ಚಿಡದೆ ಪುಸ್ತಕದಲ್ಲೇ ಬರೆದರು. ಕಶೇರುಕಗಳ ಭ್ರೂಣಗಳು ಆರಂಭದಲ್ಲಿ ಎಷ್ಟು ಹೋಲುತ್ತವೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

1876ರಲ್ಲಿ ಬೇರ್ ತಾರ್ತುವಿನಲ್ಲಿ ನಿಧನರಾದರು. ಪ್ರಯೋಗಾಲಯದಲ್ಲಿ ತಪ್ಪಾದರೆ ರೆಕಾರ್ಡ್ ಪುಸ್ತಕದಲ್ಲಿ ಅಳಿಸುವ ಮುನ್ನ ಅವರನ್ನೊಮ್ಮೆ ನೆನೆಯೋಣ.